ಕೊಟ್ಟೂರಿಗೆ ಎಷ್ಟು ಅಕ್ಷರ? ಪದ ಎಣಿಕೆಯ ಹಿಂದಿನ ಕಥೆ

ಕೊಟ್ಟೂರು ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಒಂದನೆಯ ತರಗತಿಯ ಮಗುವೂ ಮೂರು ಎನ್ನುತ್ತದೆ. ಗಣಕವನ್ನು ಕೇಳಿದರೆ ಎಂಟು ಎನ್ನುತ್ತದೆ. ಕೆಲವೊಮ್ಮೆ ಒಂಬತ್ತು ಎಂದೂ ಹೇಳುವುದುಂಟು!

ಈ ವ್ಯತ್ಯಾಸ ನನ್ನ ಗಮನಕ್ಕೆ ಬಂದದ್ದು ಒಬ್ಬ ವಿದ್ಯಾರ್ಥಿನಿಯಿಂದ. ಹಗರಿಬೊಮ್ಮನಹಳ್ಳಿ ಕಡೆಯ ಆಕೆ ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಅಂತರಜಾಲದಲ್ಲಿ ತುಂಬುತ್ತಿದ್ದಳು. 'ನಿಮ್ಮ ಬಗ್ಗೆ 1000 ಅಕ್ಷರ ಮೀರದಂತೆ ಬರೆಯಿರಿ' ಎಂದಿತ್ತು. ಹಾಳೆಯ ಮೇಲೆ ಬೆರಳಿಟ್ಟು ಎಣಿಸಿ ಬರೆದಿದ್ದಳು. ಅಂಟಿಸಿದಾಗ ಬರಹ ಅರ್ಧಕ್ಕೇ ತುಂಡಾಯಿತು. ತಂದೆಯ ಕೂಲಿ ಕೆಲಸದ ವಿಷಯ ಇದ್ದದ್ದು ಉಳಿದರ್ಧದಲ್ಲಿ. "ಸರ್, ನಾನು ಎಣಿಸಿದ್ದು ತಪ್ಪಾ?" ಎಂದು ಕೇಳಿದಳು. ತಪ್ಪು ಆಕೆಯದಲ್ಲ. ಅಳತೆಯ ಸಂಖ್ಯೆಯನ್ನು ಕೊಟ್ಟು ಮಾನವನ್ನು ಹೇಳದಿದ್ದರೆ ಭೌತವಿಜ್ಞಾನದ ಉತ್ತರಪತ್ರಿಕೆಯಲ್ಲಿ ನಾವು ಅಂಕ ಕಳೆಯುತ್ತೇವೆ.

ಬರಹವನ್ನು ಅಳೆಯುವ ಪದ್ಧತಿ ಹೊಸದೇನಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ, ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಿವೆ. ಆ ಕಾಲದ ಶಾಸನಗಳಲ್ಲಿ ಪದಗಳ ನಡುವೆ ಈಗಿನಂತೆ ತೆರವು ಬಿಡುವ ರೂಢಿಯಿರಲಿಲ್ಲ. ಅಕ್ಷರದ ಪಕ್ಕ ಅಕ್ಷರ, ಸಾಲು ತುಂಬಿದರೆ ಮುಂದಿನ ಸಾಲು. ಅಲ್ಲಿ ಅಕ್ಷರಗಳನ್ನು ಎಣಿಸಬಹುದು, ಪದಗಳನ್ನು ಎಣಿಸಬೇಕಾದರೆ ಮೊದಲು ವ್ಯಾಕರಣ ತಿಳಿದು ಬಿಡಿಸಬೇಕು. ಸಂಸ್ಕೃತ ಹಸ್ತಪ್ರತಿಗಳಲ್ಲಿಯೂ ಗಾತ್ರದ ಮಾನ ಪದವಲ್ಲ; 32 ಅಕ್ಷರಗಳ ಒಂದು 'ಗ್ರಂಥ'. ಗದ್ಯವಾದರೂ ಅನುಷ್ಟುಪ್ ಶ್ಲೋಕದ ಅಳತೆಯಲ್ಲೇ ಲೆಕ್ಕ.

ಮುದ್ರಣದೊಂದಿಗೆ ಪದಗಳ ನಡುವಿನ ತೆರವು ರೂಢಿಯಾಯಿತು. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಕಾಲದಿಂದ ನಮ್ಮ ಭಾಗಕ್ಕೂ ಅಚ್ಚಿನ ಕನ್ನಡ ಪರಿಚಯವಾಗತೊಡಗಿತು. ಬಳಿಕ ತಂತಿ ಬಂದಿತು. ಪದಕ್ಕೆ ಇಷ್ಟು ಎಂದು ಕಾಸು ತೆತ್ತು ಸುದ್ದಿ ಕಳುಹಿಸುತ್ತಿದ್ದ ಆ ಸೇವೆ 2013ರ ಜುಲೈನಲ್ಲಿ ನಿಂತಿತು. ಗಣಕಕ್ಕೆ ಪದ ಎಣಿಸಲು ಕಲಿಸಿದ 'ಡಬ್ಲ್ಯುಸಿ' ಎಂಬ ಪುಟ್ಟ ಆದೇಶ 1971ರ ಮೊದಲ ಯುನಿಕ್ಸ್‌ನಲ್ಲೇ ಇತ್ತು. ಅದಕ್ಕೆ ಭಾಷೆ ತಿಳಿಯದು. ಎರಡು ತೆರವುಗಳ ನಡುವೆ ಇರುವುದೆಲ್ಲ ಒಂದು ಪದ. 2005ರಲ್ಲಿ ಬಂದ 'ರೈಟ್ಲಿ' ಎಂಬ ಅಂತರಜಾಲ ಬರಹ ಸಾಧನವನ್ನು ಗೂಗಲ್ 2006ರಲ್ಲಿ ಕೊಂಡಿತು. ಅದೇ ಗೂಗಲ್ ಡಾಕ್ಸ್‌ಗೆ ಮೂಲ. ಬರೆಯುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಪದಸಂಖ್ಯೆ ಏರುವ ಸೌಲಭ್ಯ ಅದರಲ್ಲಿ ಬಂದದ್ದು 2019ರಲ್ಲಿ. ಕನ್ನಡದಲ್ಲಿ ಈ ಎಣಿಕೆಯ ಗತಿ ನೋಡಿ: 'ಹೋಗಬೇಕಾಗಿತ್ತು' ಒಂದು ಪದ, 'ಹೋಗ ಬೇಕಾಗಿತ್ತು' ಎರಡು. ಪದಮಿತಿ ತುಂಬಿಸಲು ಹೀಗೆ ಪದ ಒಡೆಯುವ ಜಾಣರೂ ಇದ್ದಾರೆ.

ಅಕ್ಷರದ ತೊಡಕು ಇನ್ನೂ ಆಳವಾದದ್ದು. 1991ರ ಯುನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ (್) ಇವುಗಳಿಗೆ ಪ್ರತ್ಯೇಕ ಸಂಕೇತಗಳಿವೆ. ತಂತ್ರಾಂಶಗಳು ಸಾಮಾನ್ಯವಾಗಿ ಎಣಿಸುವುದು ಈ ಸಂಕೇತಗಳನ್ನೇ. ಕೊಟ್ಟೂರು ಎಂಟಾಗುವುದು ಹೀಗೆ. 'ಕೊ'ದ ಚಿಹ್ನೆಯನ್ನು ಎರಡು ತುಂಡಾಗಿ ಬರೆಯಲೂ ಅವಕಾಶವಿರುವುದರಿಂದ ಒಂಬತ್ತೂ ಆದೀತು, ಕಣ್ಣಿಗೆ ಮಾತ್ರ ಭೇದ ಕಾಣದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಹೆಸರುಗಳಲ್ಲಿ ನಮ್ಮ ಲೆಕ್ಕದ ಅಕ್ಷರ 24, ಸಂಕೇತಗಳು 45, ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದಕ್ಕೂ ಮೂರರಂತೆ 135 ಬೈಟ್.

ಇಲ್ಲಿ ಅವಸರದಿಂದ ಕನ್ನಡಕ್ಕೆ ಅನ್ಯಾಯವೆನ್ನಬಾರದು. ಇವೇ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದರೆ ಸುಮಾರು 52 ಅಕ್ಷರ ಬೇಕು. ಸಂಕೇತಗಳನ್ನು ಎಣಿಸಿದರೆ ಗೆಲ್ಲುವುದು ಕನ್ನಡವೇ. ಬೈಟ್‌ಗಳನ್ನು ಎಣಿಸಿದರೆ ಸೋಲು ಖಚಿತ. ಮೊಬೈಲ್ ಕಿರುಸಂದೇಶದಲ್ಲಿ ರೋಮನ್ ಲಿಪಿಗೆ 160, ಕನ್ನಡಕ್ಕೆ 70 ಎಂಬ ಮಿತಿಯೂ ಇದೇ ಜಾತಿಯದು. ನನ್ನ ವಿದ್ಯಾರ್ಥಿನಿಯ ಅರ್ಜಿಯಲ್ಲಿ 'ಅಕ್ಷರ' ಎಂಬ ಮಾತು ಸಂಕೇತವನ್ನು ಸೂಚಿಸುತ್ತಿತ್ತು, ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ.

ಓದುಗನ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದೆಂದೇ ಎಣಿಸುವ ನಿಯಮಗಳೂ ಯುನಿಕೋಡ್‌ನಲ್ಲಿವೆ. 2023ರ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರಗಳನ್ನು ಒಡೆಯದಿರುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರ ವ್ಯಾಪ್ತಿಗೆ ಬಂದವು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ! ಆ ನಿಯಮದಂತೆ ಕೊಟ್ಟೂರು ಮೂರಲ್ಲ, ನಾಲ್ಕು: ಕೊ, ಟ್, ಟೂ, ರು.

ಅಲ್ಲಿಯವರೆಗೆ ತರಗತಿಯಲ್ಲಿ ನಾನು ಹೇಳಿಕೊಡುವ ಉಪಾಯ ಸರಳ. ಸ್ವರಾಕ್ಷರ ಮತ್ತು ವ್ಯಂಜನಗಳನ್ನು ಕೂಡಿಸಿ, ಒತ್ತಕ್ಷರ ಕೂಡಿಸುವ ವಿರಾಮಗಳನ್ನು ಕಳೆಯಿರಿ. ಐದು ಊರುಗಳಲ್ಲಿ ವ್ಯಂಜನಗಳು 29, ವಿರಾಮಗಳು 5, ಉಳಿದದ್ದು 24. ಪದದ ಕೊನೆಯಲ್ಲಿ 'ಬಸ್' ಎಂಬಂತೆ ಅರ್ಧಾಕ್ಷರ ಬಂದರೆ ಮಾತ್ರ ಆ ವಿರಾಮವನ್ನು ಕಳೆಯಬಾರದು. ಆ ವಿದ್ಯಾರ್ಥಿನಿ ಈ ಲೆಕ್ಕದಿಂದ ತನ್ನ ಮಿತಿ ಸುಮಾರು 530 ಅಕ್ಷರವೆಂದು ಅಂದಾಜಿಸಿಕೊಂಡು, ತಂದೆಯ ವಿಷಯವನ್ನು ಮೊದಲ ಸಾಲಿಗೆ ತಂದು ಬರೆದಳು.