ಯಕೃತ್ತಿನ ಕಾವಲುಗಾರರು

ಕುಡಿತದ ಗಂಧವೇ ಇಲ್ಲದವರ ಯಕೃತ್ತು ಕೆಡುವುದೆಂತು? ನಿಮ್ಮಲ್ಲಿ ಹಲವರು ಕೇಳಿರುವ ಪ್ರಶ್ನೆಯಿದು. ಇದಕ್ಕೆ ಉತ್ತರ ರೂಪುಗೊಳ್ಳಲು ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು.

1876ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ಕುಪ್ಫರ್ ಯಕೃತ್ತಿನ ನರತಂತುಗಳನ್ನು ಅರಸುತ್ತಿದ್ದರು. ಚಿನ್ನದ ಲವಣದಿಂದ ಬಣ್ಣಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಕ್ಷತ್ರಾಕಾರದ ಕೋಶಗಳು ಕಂಡವು. ಮುಂದೆ, ರಕ್ತದಲ್ಲಿ ಬಂದ ಹೊರವಸ್ತುಗಳನ್ನು ನುಂಗುವ ಕೋಶಗಳನ್ನೂ ಅವರು ಯಕೃತ್ತಿನಲ್ಲಿ ಕಂಡರು. ಎರಡೂ ಒಂದೇ ಎಂದು ಭಾವಿಸಿದರು. ಇವೆರಡೂ ಬೇರೆಬೇರೆ ಎಂದು ಜಪಾನಿನ ವಾಕೆ ಸ್ಪಷ್ಟಪಡಿಸಿದ್ದು 1971ರಲ್ಲಿ. ನಕ್ಷತ್ರಕೋಶಗಳ ಕೆಲಸ ‘ಎ’ ಜೀವಸತ್ವವನ್ನು ಕೂಡಿಡುವುದು. ನುಂಗುವ ಕೆಲಸ ಕಾವಲು ಕೋಶಗಳದು. ಕುಪ್ಫರರ ಹೆಸರು ಮಾತ್ರ ಈ ಎರಡನೆಯದಕ್ಕೇ ಉಳಿದುಕೊಂಡಿತು.

ನುಂಗುವ ಕೋಶಗಳ ಮಹಿಮೆಯನ್ನು ಲೋಕಕ್ಕೆ ತಿಳಿಸಿದವರು ರಷ್ಯದ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳನ್ನು ಚುಚ್ಚಿಟ್ಟರು. ಮರುದಿನ ಬೆಳಗ್ಗೆ ನೋಡಿದರೆ ಚಲಿಸುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ದೇಹವನ್ನು ಕಾಯುತ್ತವೆಂದು ಅವರು ಸಾರಿದರು. 1908ರ ನೊಬೆಲ್ ಪುರಸ್ಕಾರವನ್ನು ಎರ್ಲಿಕ್ ಅವರೊಡನೆ ಹಂಚಿಕೊಂಡರು.

ಇನ್ನು ಕೊಬ್ಬಿನ ವಿಚಾರ. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ವಿವರ ಪ್ರಕಟಿಸಿದರು. ಅವರ ಯಕೃತ್ತಿನಲ್ಲಿ ಕೊಬ್ಬು, ಉರಿಯೂತ ಎರಡೂ ಇದ್ದವು. ನೋಡಲು ಕುಡುಕರ ಯಕೃತ್ತಿನಂತೆಯೇ! ಆದರೆ ಕಾರಣ ಕುಡಿತವಾಗಿರಲಿಲ್ಲ. ಹೆಚ್ಚಿನವರಿಗೆ ಬೊಜ್ಜು, ಹಲವರಿಗೆ ಮಧುಮೇಹ ಇತ್ತು. ‘ಕುಡಿಯುವುದಿಲ್ಲ’ ಎಂದ ರೋಗಿಯ ಮಾತನ್ನು ವೈದ್ಯರು ನಂಬಲು ಇದರಿಂದ ಶಾಸ್ತ್ರಾಧಾರ ದೊರೆಯಿತು. ಮಾನವಂತರಿಗೆ ಇದು ಸಣ್ಣ ಉಪಕಾರವಲ್ಲ.

ಇಂದು ಈ ಎಳೆಗಳೆಲ್ಲ ಒಂದಾಗಿವೆ. ಕೊಬ್ಬು ತುಂಬಿ ನಲುಗಿದ ಯಕೃತ್ಕೋಶಗಳು ಅಪಾಯದ ಸಂಕೇತ ಕಳಿಸುತ್ತವೆ. ರಕ್ತದಲ್ಲಿ ಸಂಚರಿಸುವ ಮಾನೋಸೈಟ್ ಎಂಬ ಬಿಳಿಯ ಕಣಗಳು ಅಲ್ಲಿಗೆ ಧಾವಿಸಿ ಭಕ್ಷಕ ಕೋಶಗಳಾಗುತ್ತವೆ. ಮುಳ್ಳಾದರೆ ಒಂದು ದಿನ ತೆಗೆದುಹೋಗುತ್ತದೆ. ಈ ಕೊಬ್ಬಾದರೋ ವರ್ಷಗಟ್ಟಲೆ ಕುಳಿತಿರುತ್ತದೆ. ಆದಕಾರಣ ಕಾವಲುಗಾರರ ಕದನವೂ ನಿಲ್ಲುವುದಿಲ್ಲ. ಅವರ ಪ್ರಚೋದನೆಯಿಂದ, ಕುಪ್ಫರ್ ಮೊದಲು ಕಂಡ ಆ ನಕ್ಷತ್ರಕೋಶಗಳೇ ಕೂಡಿಟ್ಟ ಜೀವಸತ್ವವನ್ನು ಕಳೆದುಕೊಂಡು ನಾರನ್ನು ನೇಯತೊಡಗುತ್ತವೆ. ಯಕೃತ್ತು ಗಡುಸಾಗುವುದು ಹೀಗೆ. ರಕ್ಷಿಸಲು ಬಂದವರಿಂದಲೇ ಊರು ಹಾಳಾದಂತೆ.

2023ರಲ್ಲಿ ಯಕೃತ್ ತಜ್ಞರ ಸಂಸ್ಥೆಗಳು ಈ ವ್ಯಾಧಿಯ ಹೆಸರಿನಿಂದ ‘ಆಲ್ಕೊಹಾಲಿಕ್’, ‘ಫ್ಯಾಟಿ’ ಎಂಬ ಪದಗಳನ್ನು ಕೈಬಿಟ್ಟು, ದೇಹದ ಚಯಾಪಚಯದ ದೋಷವನ್ನು ಸೂಚಿಸುವ ಹೊಸ ಹೆಸರಿಟ್ಟವು. ರೋಗಿಗೆ ಅಂಟುತ್ತಿದ್ದ ಕಳಂಕವನ್ನು ತೊಡೆಯುವುದೂ ಅದರ ಉದ್ದೇಶವಾಗಿತ್ತು.

ಯಕೃತ್ತಿನಲ್ಲಿ ಕೊಬ್ಬು ಕಂಡವರೆಲ್ಲರಿಗೂ ಕೇಡಾಗುವುದಿಲ್ಲ. ಮೈತೂಕ ಹೆಚ್ಚಿರುವವರು ಶೇ. 7ರಿಂದ 10ರಷ್ಟು ಇಳಿಸಿಕೊಂಡರೆ ಅನೇಕರಲ್ಲಿ ಉರಿಯೂತವೂ ತಗ್ಗುತ್ತದೆ. ವರದಿ ಕೈಗೆ ಬಂದಾಗ ಬೆದರಬೇಡಿ, ಉದಾಸೀನವನ್ನೂ ಮಾಡಬೇಡಿ. ಮನೆಯಲ್ಲಿ ಯಾರಿಗಾದರೂ ಈ ತೊಂದರೆಯಿದೆಯೆಂದು ತಿಳಿದಾಗ ‘ಗುಟ್ಟಾಗಿ ಕುಡಿಯುತ್ತಾರೇನೋ’ ಎಂದು ಮಾತ್ರ ಶಂಕಿಸದಿರಿ.