ಹರ್ನಿಯಾ ಆಪರೇಷನ್ನಿನ ಖರ್ಚು: ಯಾರ ಲೆಕ್ಕ?

ತೊಡೆಸಂದಿನಲ್ಲಿ ಒಂದು ಗಂಟು. ಮಲಗಿದರೆ ಒಳಗೆ ಹೋಗುತ್ತದೆ, ಕೆಮ್ಮಿದರೆ ಹೊರಗೆ ಬರುತ್ತದೆ. ಡಾಕ್ಟರು ಹರ್ನಿಯಾ ಎನ್ನುತ್ತಾರೆ, ಓಪನ್ ಮತ್ತು ಲ್ಯಾಪರೊಸ್ಕೋಪಿ ಎಂಬ ಎರಡು ದಾರಿ ಹೇಳುತ್ತಾರೆ, ಎರಡು ದರ ಹೇಳುತ್ತಾರೆ. ಯಾವುದು ಅಗ್ಗ? ಈ ಪ್ರಶ್ನೆಗೆ ಮೂರು ದಶಕಗಳಲ್ಲಿ ಸಿಕ್ಕ ಉತ್ತರಗಳು ಒಂದೇ ಬಗೆಯವಲ್ಲ.

ಮೊದಲು ಓಪನ್. 1884ರಲ್ಲಿ ಇಟಲಿಯ ಪಾದುವಾದಲ್ಲಿ ಎದುವಾರ್ದೊ ಬಸ್ಸೀನಿ ಹೊಟ್ಟೆಯ ಗೋಡೆಯ ಪದರಗಳನ್ನು ಸೇರಿಸಿ ಹೊಲಿಯುವ ಕ್ರಮವನ್ನು ಆರಂಭಿಸಿದರು. ಆದರೆ ಎಳೆದು ಹೊಲಿದದ್ದು ನೋಯುತ್ತದೆ, ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ. ನೂರು ವರ್ಷಗಳ ನಂತರ, 1989ರಲ್ಲಿ, ಲಾಸ್ ಏಂಜಲೀಸ್‌ನ ಇರ್ವಿಂಗ್ ಲಿಖ್ಟೆನ್‌ಸ್ಟೈನ್ ಮತ್ತು ಸಂಗಡಿಗರು ಏನನ್ನೂ ಎಳೆಯದೆ, ಪ್ಲಾಸ್ಟಿಕ್ ಜಾಲರಿಯ ತೇಪೆ ಹಾಕಿದ ಸಾವಿರ ಪ್ರಕರಣಗಳ ವರದಿ ಕೊಟ್ಟರು. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು, ರೋಗಿ ಅದೇ ದಿನ ಮನೆಗೆ ಹೋಗಬಹುದು.

ಅದೇ ಹೊತ್ತಿಗೆ ಲ್ಯಾಪರೊಸ್ಕೋಪಿ ಬಂತು. ಸಣ್ಣ ತೂತುಗಳಿಂದ ಕ್ಯಾಮೆರಾ ಒಳಗೆ ಹೋಗಿ ಜಾಲರಿಯನ್ನು ಹಿಂಬದಿಯಿಂದ ಕೂರಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು, ಉಪಕರಣ ದುಬಾರಿ, ಥಿಯೇಟರಿನಲ್ಲಿ ಸಮಯವೂ ಹೆಚ್ಚು. ಹೀಗಾಗಿ ಆಸ್ಪತ್ರೆಯ ಪುಸ್ತಕದಲ್ಲಿ ಓಪನ್ನೇ ಅಗ್ಗ. ಆದರೆ ಲ್ಯಾಪರೊಸ್ಕೋಪಿಯಾದವರಿಗೆ ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳುತ್ತಾರೆ. ಮೂಟೆ ಹೊರುವವನಿಗೆ ಪ್ರತಿ ರಜೆಯ ದಿನವೂ ಕೂಲಿ ಹೋದ ದಿನ. ಆ ಕೂಲಿ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣುವುದಿಲ್ಲ.

ಬ್ರಿಟನ್ನಿನ ನೈಸ್ ಸಂಸ್ಥೆ 2001ರಲ್ಲಿ ಮೊದಲ ಬಾರಿಯ, ಒಂದೇ ಬದಿಯ ಹರ್ನಿಯಾಕ್ಕೆ ಓಪನ್ನನ್ನೇ ಸೂಚಿಸಿತು. 2004ರಲ್ಲಿ ಲ್ಯಾಪರೊಸ್ಕೋಪಿಯೂ ಒಂದು ಆಯ್ಕೆ ಎಂದಿತು. ಅದೇ 2004ರಲ್ಲಿ ಅಮೆರಿಕದ ಮಾಜಿ ಸೈನಿಕರ 14 ಆಸ್ಪತ್ರೆಗಳ ಅಧ್ಯಯನ ಬಂತು: ಎರಡು ವರ್ಷದೊಳಗೆ ಹರ್ನಿಯಾ ಮರಳಿದ್ದು ಲ್ಯಾಪರೊಸ್ಕೋಪಿಯಲ್ಲಿ ಶೇ. 10.1, ಓಪನ್ನಿನಲ್ಲಿ ಶೇ. 4.9. ಆದರೆ 250ಕ್ಕಿಂತ ಹೆಚ್ಚು ಲ್ಯಾಪರೊಸ್ಕೋಪಿ ಮಾಡಿದ್ದ ಸರ್ಜನ್ನರ ಕೈಯಲ್ಲಿ ಈ ಅಂತರ ಉಳಿಯಲಿಲ್ಲ. ಎರಡನೇ ಸಲ ಮೇಜಿನ ಮೇಲೆ ಮಲಗಬೇಕಾದರೆ ಮೊದಲ ಉಳಿತಾಯ ಎಲ್ಲಿ ಉಳಿಯಿತು? ಕೈಯ ಅನುಭವವೂ ಖರ್ಚಿನದೇ ಭಾಗ.

ನಮ್ಮ ಕಡೆ ಲೆಕ್ಕ ಇನ್ನೂ ಕೆಳಗಿನಿಂದ ಶುರುವಾಯಿತು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾದಲ್ಲಿ ಡಾ. ರವೀಂದ್ರನಾಥ ಟೋಂಗಾಂವ್‌ಕರ್ ಅವರ ರೋಗಿಗಳಿಗೆ ಓಪನ್ನಿನಲ್ಲೂ ಕಂಪನಿಯ ಜಾಲರಿಯ ಬೆಲೆಯೇ ಭಾರ. ಅವರು ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ, ಕ್ರಿಮಿಶುದ್ಧಿ ಮಾಡಿ ಬಳಸಿದರು. 2003ರಲ್ಲಿ ಹಲವು ಸರ್ಜನ್ನರೊಡನೆ 359 ಹರ್ನಿಯಾಗಳ ಅನುಭವ ಪ್ರಕಟಿಸಿದರು. ಇದೇ ಯೋಚನೆಯನ್ನು ಉಗಾಂಡಾದಲ್ಲಿ 302 ಗಂಡಸರ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು: ವರ್ಷದ ಕೊನೆಗೆ ಹರ್ನಿಯಾ ಮರಳಿದ್ದು ಸೊಳ್ಳೆಪರದೆಯ ಗುಂಪಿನ ಒಬ್ಬನಿಗೆ ಮಾತ್ರ, ಕಂಪನಿ ಜಾಲರಿಯ ಗುಂಪಿನಲ್ಲಿ ಯಾರಿಗೂ ಇಲ್ಲ. ಕಂಪನಿ ಜಾಲರಿಗೆ ನೂರು ಡಾಲರಿಗೂ ಮೇಲೆ, ಸೊಳ್ಳೆಪರದೆಯದಕ್ಕೆ ಸುಮಾರು ಒಂದು ಡಾಲರ್.

ಹಾಗಾಗಿ ದರಪಟ್ಟಿ ಕೈಗೆ ಬಂದಾಗ ಮೊತ್ತವನ್ನಷ್ಟೇ ನೋಡಬೇಡಿ. ಜಾಲರಿಗೆ ಎಷ್ಟು, ಕೆಲಸಕ್ಕೆ ಎಂದು ಹೋಗಬಹುದು, ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ ಎಂದು ಕೇಳಿ. ಒಂದೇ ಬದಿಯದೋ ಎರಡೂ ಬದಿಯದೋ, ಹೊಸದೋ ಮರಳಿ ಬಂದದ್ದೋ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಇವನ್ನು ಕೇಳಲು ಸಂಕೋಚ ಬೇಡ.