ಘಟಪ್ರಭೆಯಿಂದ ಮಾಳಿಗೆಯವರೆಗೆ

ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಮುಂದೆ ಎಷ್ಟೋ ವರ್ಷ ಚಿಮಣಿಯೇ ಗತಿ. 1969ರಲ್ಲಿ ಹುಕ್ಕೇರಿಯವರು ಕರೆಂಟು ಹಂಚಲಿಕ್ಕೇ ಸಹಕಾರ ಸಂಘ ಕಟ್ಟಿದರು. ಅಂಥದ್ದು ನಾಡಿನಲ್ಲಿ ಅಪರೂಪ. ಈಗ ಮೂಡಲಗಿ ಕಡೆಯೂ ಮಾಳಿಗೆ ಮೇಲೆ ಸೋಲಾರ್ ಬಂದೈತಿ.

ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವಿನ ಕಂಟ್ರೋಲರ್ ಅಂದರೆ ಕಾಲುವೆಯ ತೂಬು ಇದ್ದಂತೆ. ನಮ್ಮ ಸಂಘ ಎಡವಿದ್ದು ಅಲ್ಲೇ. "ವ್ಯಾಟ್ ಸರಿ ಐತಲ್ಲ" ಅಂದು 25 ವೋಲ್ಟ್ ತಾಳುವಂಥದ್ದನ್ನು ತಂದೆವು. 12 ವೋಲ್ಟಿನ ಪ್ಯಾನೆಲ್ ಅನ್ನುವುದು ಹೆಸರಿಗಷ್ಟೇ. ಹೊರೆಯಿಲ್ಲದಾಗ 22ರವರೆಗೆ ಕೊಡುತ್ತದೆ, ಚಳಿಯ ಮುಂಜಾನೆ ಇನ್ನೂ ಹೆಚ್ಚು. 100 ವ್ಯಾಟಿನ ಎರಡನ್ನು ಒಂದರ ಹಿಂದೊಂದು ಜೋಡಿಸಿದಾಗ 44 ಆಯಿತು, ಕಂಟ್ರೋಲರ್ ಸುಟ್ಟಿತು. ಆಮೇಲೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಕೂಡಿಸಿದೆವು. ವೋಲ್ಟು ಏರಲಿಲ್ಲ, ಆಂಪಿಯರು ಇಮ್ಮಡಿಸಿ ಸುಮಾರು 12 ಆಯಿತು. 20 ಆಂಪಿಯರಿನ ಕಂಟ್ರೋಲರ್ ಹಾಕಿದೆವು. ಆ ವರ್ಷದ ಜಮಾಖರ್ಚಿನಲ್ಲಿ ಕಂಟ್ರೋಲರ್ ಎರಡು ಸಲ ಬಂದದ್ದು ಅದಕ್ಕೇ.